ಬಲತುದಿಯ ಚೌಕ

ಮೊದಲು ಬಲತುದಿಯ ಚೌಕ ಬರೆದೆವು:
ಮೇ ತಿಂಗಳ ಕೊನೆಯ ಗಂಟೆ ಬಾರಿಸುವುದರೊಳಗೆ
ಮೂರನೇ ತರಗತಿಯ ಇಪ್ಪತ್ತಮೂರು ಮಕ್ಕಳೂ
ಒಂದು ಪುಟ ಓದಿ, ಓದಿದ್ದನ್ನು
ತಮ್ಮ ಮಾತಲ್ಲಿ ಹೇಳಬೇಕು.
ಆಮೇಲೆ ಎಡಕ್ಕೆ ನಡೆದೆವು, ಹಿಂದುಹಿಂದಕ್ಕೆ,
ತಪ್ಪಿಸಿಕೊಂಡ ಕುರಿಯ ಹೆಜ್ಜೆ ಹುಡುಕುವವರ ಹಾಗೆ.
ಇದಾಗಬೇಕಾದರೆ ಏನಾಗಬೇಕು,
ಅದಾಗಬೇಕಾದರೆ ಇನ್ನೇನು.

ನರೀನ್ ಕಣಿವೆಯ ಶಾಲೆ. ಡಿಸೆಂಬರ್.
ಗೋಡೆಗೆ ಅಂಟಿಸಿ ಮಿಕ್ಕಿದ ಹೂವಿನ ಕಾಗದದ ಸುರುಳಿ,
ಅದರ ಬೋಳು ಬೆನ್ನು ನಮ್ಮ ನಕಾಶೆ.
ಆ ಚೌಕವಾದ ಮೇಲೆ ಬೆರ್ಮೆತ್
ನನ್ನ ಬಣ್ಣದ ಪೆನ್ನುಗಳನ್ನು ಪಕ್ಕಕ್ಕೆ ಸರಿಸಿ
ಕಿವಿಯ ಮೇಲಿನ ಪೆನ್ಸಿಲ್ ಕೊಟ್ಟಳು.
ಯಾಕೆಂದು ಕೇಳಲಿಲ್ಲ; ಊರಿಗೆ ಹೊಸಬಳು.

ಪುಸ್ತಕ, ತರಬೇತಿ, ತಾಯಂದಿರ ಸಭೆ:
ಬಿಶ್ಕೆಕ್‌ನಿಂದ ನಾನು ಹೊತ್ತು ತಂದ ಚೌಕಗಳು.
ಪ್ರತಿ ಬಾಣದ ಮೇಲೂ ಒಂದು ‘ಆದ್ದರಿಂದ’
ಮದುವೆಮನೆಯ ಹಿರಿಯನಂತೆ ಕಾಲು ಚಾಚಿ ಕೂತಿತ್ತು.

ಒಲೆಗೆ ಕಲ್ಲಿದ್ದಲು ಸುರಿಯಲು ಬಂದ ಜೊಲ್ದೋಷ್
ಬಕೆಟ್ಟು ಕೆಳಗಿಟ್ಟು ನೋಡಿದ, ತುಂಬ ಹೊತ್ತು.
‘ಇದರಲ್ಲಿ ಒಲೆ ಎಲ್ಲಿ?’
ನಾವು ನಕ್ಕೆವು. ಅವನು ನಗಲಿಲ್ಲ.
‘ಮೂಲೆಯ ಕೋಣೆ ಬಿಸಿಯಾಗುವುದು ಹತ್ತೂವರೆಗೆ,
ನಿಮ್ಮ ಓದಿನ ಪಾಠ ಎಂಟಕ್ಕೆ.
ಕೈಗವಸು ಹಾಕಿ ಪುಟ ತಿರುಗಿಸಿ ನೋಡಿ.’

ತಿರುಗಿಸಿದೆ. ಮೂರು ಪುಟ ಒಟ್ಟಿಗೆ ಬಂದವು.

ಇಡೀ ಶಾಲೆ ಬೇಡ, ಒಂದು ತರಗತಿ, ಎಂದಳು ಬೆರ್ಮೆತ್,
ಇಡೀ ಚಳಿಗಾಲ ಬೇಡ, ಒಂದು ವಾರ.
ಎಂಟಕ್ಕೆ ಬಾಯಿಲೆಕ್ಕ, ಅದಕ್ಕೆ ಬೆರಳು ಬೇಡ,
ಓದು ನಾಲ್ಕನೆಯ ಪಾಠಕ್ಕೆ.
ಶುಕ್ರವಾರ ಎಣಿಸಿದೆವು:
ಹನ್ನೊಂದು ಮಕ್ಕಳು ಮುಂದೆ,
ಒಂಬತ್ತು ಮಕ್ಕಳು ಇದ್ದಲ್ಲೇ,
ಮೂವರು ಹಿಂದೆ.
ಹಿಂದೆ ಹೇಗೆ?
ಹಿಮ ಸುರಿಯುವ ದಿನ ಮೇವಿನ ಲಾರಿ
ಹೊಳೆಯಾಚೆಯ ಮಕ್ಕಳನ್ನು ಹತ್ತಿಸಿಕೊಂಡು
ಹತ್ತೂವರೆಗೇ ಹೊರಟುಬಿಡುತ್ತದೆ.
ಆ ವಾರ ನಾಲ್ಕು ದಿನ ಹಿಮ.

ಮೂವರಲ್ಲಿ ಒಬ್ಬಳು ಐಚುರೋಕ್,
ಜೊಲ್ದೋಷನ ಮಗಳ ಮಗಳು.
ಅವನು ಮಸಿಗೈ ಪ್ಯಾಂಟಿಗೆ ಒರೆಸಿಕೊಂಡು
ರಬ್ಬರು ಕೇಳಿ ತೆಗೆದುಕೊಂಡ.
ತನ್ನ ಬಾಣವನ್ನು ತಾನೇ ಅರ್ಧ ಅಳಿಸಿದ,
ಅರ್ಧ ಉಳಿಸಿದ.

ಬಿಟ್ಟ ಬಾಣ ಮರಳದು ಅನ್ನುತ್ತಾರೆ.
ಇವು ಮರಳುತ್ತವೆ, ಹೋದ ಕಡೆಯ ಸುದ್ದಿ ಕಚ್ಚಿಕೊಂಡು.
ಆ ರಾತ್ರಿ ಅತಿಥಿಕೋಣೆಯಲ್ಲಿ ಕಂಬಳಿ ಹೊದ್ದು
ಒಂದೊಂದೇ ‘ಆದ್ದರಿಂದ’ ಕಿತ್ತು
‘ಆದೀತು’ ಎಂದು ಬರೆದೆ.
ಬರೆಯುತ್ತ ಬರೆಯುತ್ತ ನಾಚಿಕೆಯಾಯಿತು,
ಹನ್ನೆರಡು ವರ್ಷದಿಂದ ಇದೇ ನನ್ನ ಕೆಲಸ.

ಕಚೇರಿ ಶುದ್ಧಪ್ರತಿ ಕೇಳಿತು.
ಗೆರೆ ನೇರ, ಚೌಕ ಸಮ, ಮೂರು ಬಣ್ಣ.
ಸಹಿ ಬಿತ್ತು, ಮೊಹರು ಬಿತ್ತು.
ಒಂದು ಪ್ರತಿ ಬೆರ್ಮೆತ್‌ಗೂ ಕಳಿಸಿದೆ.

ಮಾರ್ಚಿನಲ್ಲಿ ಮತ್ತೆ ಹೋದಾಗ
ಅದು ಮೂಲೆಯ ಕೋಣೆಯಲ್ಲೇ ಇತ್ತು,
ನಾಲ್ಕಾಗಿ ಮಡಿಸಿ ಕಿಟಕಿಯ ಬಿರುಕಿಗೆ ತುರುಕಿದ್ದರು.
‘ದಪ್ಪ ಕಾಗದ, ಗಾಳಿ ನಿಂತಿತು,’
ಬೆರ್ಮೆತ್ ಎಳ್ಳಷ್ಟೂ ಅಳುಕದೆ ಹೇಳಿದಳು.
‘ಕೋಣೆ ಈಗ ಒಂಬತ್ತೂವರೆಗೇ ಬಿಸಿ.
ಓದು ಮೂರನೆಯ ಪಾಠಕ್ಕೆ.’
ಪೆನ್ಸಿಲ್ಲಿನ ನಕಾಶೆಯಲ್ಲಿ ಹೊಸ ಚೌಕವೂ ಇತ್ತು: ಕಿಟಕಿ.
ನನ್ನ ಯೋಜನೆ ಮಕ್ಕಳನ್ನು ಮುಟ್ಟಿದ್ದು ಹಾಗೆ.

ಇನ್ನುಳಿದದ್ದು ನನಗೂ ತಿಳಿಯದು.
ಅಳಿಸಿ ಬರೆದು, ಅಳಿಸಿ ಬರೆದು
ಎಡಗಡೆಯ ಕಾಗದ ಎಷ್ಟು ಸವೆದಿದೆಯೆಂದರೆ
ಹಿಂಬದಿಯ ಹೂಗಳು ಇತ್ತ ಮೂಡಿವೆ,
ಬಾಣವೊಂದು ಒಂದು ಎಸಳನ್ನು ದಾಟಿಯೇ ಹೋಗಬೇಕು.
ಬಲತುದಿಯ ಚೌಕ ಮಾತ್ರ ಪೆನ್ನಿನದು, ಅಲ್ಲಾಡಿಲ್ಲ.
ಅದರೊಳಗೆ ಪೆನ್ಸಿಲ್ಲಿನಲ್ಲಿ, ಸಣ್ಣಗೆ: ಹದಿನಾಲ್ಕು.
ಪಕ್ಕದಲ್ಲಿ ಒಂಬತ್ತು ಹೆಸರು,
ಐಚುರೋಕ್ ಎಂಬುದನ್ನು ಯಾರೋ ಅಳಿಸಹೊರಟು
ಅರ್ಧಕ್ಕೆ ನಿಲ್ಲಿಸಿದ್ದಾರೆ.