ತೂಕದ ಚೀಟಿ

ದೀಪಾವಳಿ ಹಿಂದೆಮುಂದೆ
ಮೆಕ್ಕೆಜೋಳದ ಲಾರಿಗಳು ಗೇಟಿನಾಚೆವರೆಗೂ ನಿಲ್ಲುವ
ದಾವಣಗೆರೆಯ ಮಾರ್ಕೆಟ್ ಯಾರ್ಡಿನಲ್ಲಿ
ನನ್ನ ಕೆಲಸ ಕೂತು ಬರೆಯುವುದು.
ಚೀಲ ಇಷ್ಟು, ಕಿಲೋ ಇಷ್ಟು,
ತೇವಕ್ಕೆಂದು ಕಳೆದದ್ದು ಇಷ್ಟು.
ಇಪ್ಪತ್ತೇಳು ವರ್ಷ ಊರ ಕಾಳೆಲ್ಲ ತೂಗಿಸಿದವನು
ನನ್ನನ್ನೇ ತೂಗಿಸಿಕೊಂಡದ್ದು ಹೋದ ಶ್ರಾವಣದಲ್ಲಿ,
ಪುಕ್ಕಟೆ ಶಿಬಿರದ ದಿನ.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮೆತ್ತನೆ ಮಾತು.
"ಅನ್ನ ಬಿಡಿ. ರೊಟ್ಟಿ ಅರ್ಧ ಮಾಡಿ. ಮೊಟ್ಟೆ, ಶೇಂಗಾ, ಸೊಪ್ಪು."
ನನ್ನ ಹಿಂದೆ ನಿಂತಿದ್ದ ಹಮಾಲಿ ದಾದಾಪೀರನಿಗೆ
ನನಗಿಂತ ನಲವತ್ತು ಜಾಸ್ತಿ ಬಂತು.
ಅವನಿಗೂ ಅದೇ ಚೀಟಿ.
ಚೀಲ ಹೊರುವವನಿಗೂ ಚೀಲ ಬರೆಯುವವನಿಗೂ
ಅದೇ ಅಕ್ಷರ, ಅದೇ ಮಸಿ.

"ಲಿಂಗ ಕಟ್ಟಿದ ಮನೇಲಿ ಮೊಟ್ಟೆ
ಹೊಸ್ತಿಲು ದಾಟೋ ಹಂಗಿಲ್ಲ," ಅಂದಳು ಶಿವಗಂಗೆ.
ಅದಕ್ಕೇ ನನ್ನೆರಡು ಮೊಟ್ಟೆ
ದಾದಾಪೀರನ ಡಬ್ಬಿಯಲ್ಲಿ ಬರತೊಡಗಿದವು,
ಅವನ ಹೆಂಡತಿ ಜೈಬುನ್ನಿಸಾ ಬೇಯಿಸಿ ಕಳಿಸಿದ್ದು.
ಹಳೇ ಬಿಲ್ಲಿನ ಹಾಳೆಯ ಮೇಲೆ ಸಿಪ್ಪೆ ಸುಲಿದು
ಉಪ್ಪು ಉದುರಿಸಿ ತಿಂದೆ. ನನ್ನ ರೊಟ್ಟಿ ಅವನಿಗೆ.
ಮನೆಗೆ ಹೋಗುವ ಮುಂಚೆ ಏಲಕ್ಕಿ ಅಗಿದೆ.

ಸುಳ್ಳು ಯಾಕೆ, ಹಿತವಾಯಿತು.
ಮಧ್ಯಾಹ್ನ ಮೂರಕ್ಕೆ ತೂಕ ಬರೆಯುತ್ತ
ತೂಕಡಿಸುತ್ತಿದ್ದ ತಲೆ
ನೆಟ್ಟಗೆ ನಿಂತಿತು.
ಅಂಕಿಗಳು ಎರಡೆರಡಾಗಿ ಕಾಣುವುದು ನಿಂತಿತು.
ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದೆ.
ಗೆದ್ದವನ ಗತ್ತಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ:
ಅನ್ನ ಬಿಡ್ರಿ, ಅನ್ನ ಬಿಡ್ರಿ.

ಒಂಬತ್ತನೇ ದಿನ
ಲಾರಿಗೆ ಒರಗಿಸಿದ ಹಲಗೆಯ ನಟ್ಟನಡುವೆ
ಬೆನ್ನ ಮೇಲೆ ಚೀಲ ಇದ್ದಹಾಗೇ
ದಾದಾಪೀರನ ಮೊಣಕಾಲು ನಡುಗಿತು.
"ಒಲೆ ಆರಿದಂಗಾತು ಸಾರ್, ಒಳಗೆ,"
ಅಂದು ಅಲ್ಲೇ ಕುಸಿದು ಕೂತ.
ಕ್ಯಾಂಟೀನಿನಲ್ಲಿ ಎರಡು ಪ್ಲೇಟು ಅನ್ನ, ಬರೀ ಸಾರು.
ಆಮೇಲೆ ಹೊತ್ತ, ನಲವತ್ತೊಂದು ಚೀಲ.
ಮರುದಿನ ಬೆರಳು ಚುಚ್ಚಿದಾಗ
ಮೀಟರು ರಕ್ತ ನೋಡಿ ಅಂಕಿ ಹೇಳಿತು.
ನಲವತ್ತೊಂದರ ಲೆಕ್ಕ ಅದು ಕೇಳಲೇ ಇಲ್ಲ.

ನನ್ನ ಗತ್ತೂ ಮುರಿಯಿತು, ಮಂಡಕ್ಕಿಯಿಂದ.
ಸಂಜೆ ಮಿರ್ಚಿಯ ಜತೆ ಎರಡು ಬೊಗಸೆ,
ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗದಷ್ಟು ಹಗುರ,
ಅದು ಅನ್ನವಲ್ಲವಲ್ಲ ಎಂದುಕೊಂಡೆ.
ಗಂಟೆ ಬಿಟ್ಟು ನೋಡಿದರೆ
ಅಂಕಿ ಗುಡ್ಡ ಹತ್ತಿತ್ತು.
ಇಷ್ಟು ವರ್ಷ ತೂಗಿಸಿಯೂ
ಗಾಳಿ ತುಂಬಿದ ಅಕ್ಕಿಯ ಭಾರ ನನಗೆ ತಿಳಿದಿರಲಿಲ್ಲ.

ವಿದ್ಯಾನಗರದ ಷಡ್ಡಕ ಅನ್ನುತ್ತಾನೆ: ಅಕ್ಕಿಯೇ ವಿಷ.
ಕ್ಯಾಂಟೀನಿನ ಕೊಟ್ರಬಸಪ್ಪ ಅನ್ನುತ್ತಾನೆ:
"ನಿಮ್ಮಪ್ಪ ಉಂಡಿರಲಿಲ್ಲೇನ್ರಿ ಹೊಟ್ಟೆತುಂಬ?"
ಉಂಡಿದ್ದ. ಉಂಡು ಹರಿಹರಕ್ಕೆ ಸೈಕಲ್ಲು ತುಳಿದಿದ್ದ.
ನಾನು ಕುರ್ಚಿಯಿಂದ ಎದ್ದು
ಕುರ್ಚಿಗೆ ಬರುವವನು.

ಉದುರಿದ ಕಾಳು ಗುಡಿಸಿ
ಮರದಲ್ಲಿ ಕೇರುವ ಉಚ್ಚಂಗೆಮ್ಮ ಒಮ್ಮೆ ಕೇಳಿದಳು:
"ಅನ್ನ ಬಿಟ್ರಂತೆ ಸಾಹೇಬ್ರ?
ಬಿಟ್ಟಿದ್ದು ಎಲ್ಲಿಟ್ಟೀರಿ?"
ನಕ್ಕೆ. ಅವಳು ನಗಲಿಲ್ಲ.
ಮರ ಕುಟ್ಟಿ ಹೊಟ್ಟು ಹಾರಿಸಿದಳು.

ಈಗ ದಾದಾಪೀರ ತನ್ನದೇ ಲೆಕ್ಕ ಹಿಡಿದಿದ್ದಾನೆ.
ಗುಳಿಗೆ ತಪ್ಪಿಸುವುದಿಲ್ಲ.
ಹತ್ತು ಚೀಲಕ್ಕೆ ಒಂದು ಸೌಟು ಅನ್ನ, ಜೊತೆಗೆ ಹೆಸರುಕಾಳು.
ಲಾರಿ ಬಾರದ ದಿನ ನನ್ನ ಹಾಗೆ ಸೌತೆಕಾಯಿ ಕಡಿಯುತ್ತ
"ಇದು ಕೂತೋರ ಊಟ ಸಾರ್," ಎಂದು ಕಣ್ಣು ಹೊಡೆಯುತ್ತಾನೆ.
ಡಾಕ್ಟರಮ್ಮನಿಗೆ ಹೇಳಿದನೋ ಇಲ್ಲವೋ,
ನಾನು ಕೇಳಿಲ್ಲ.

ನಿನ್ನೆ ಶಿವಗಂಗೆ ಬಡಿಸುವಾಗ
ಮಜ್ಜಿಗೆ ಅನ್ನದ ವಾಸನೆಗೆ ಕೈ ತಡೆಯಲಿಲ್ಲ.
ಉಂಡು, ಚಪ್ಪಲಿ ಮೆಟ್ಟಿ,
ಕತ್ತಲಲ್ಲಿ ಯಾರ್ಡಿಗೆ ಎರಡು ಸುತ್ತು ಹಾಕಿ ಬಂದೆ.
ವಾಚ್‌ಮನ್ ಟಾರ್ಚು ಬಿಟ್ಟು ಕೇಳಿದ,
ಏನು ಕಳಕೊಂಡ್ರಿ ಸಾರ್?

ಬೆಳಿಗ್ಗೆ ತೂಕದ ಚೀಟಿಯೊಂದರ ಬೆನ್ನಿಗೆ
ಯಾವ ಸಾಹುಕಾರನಿಗೂ ಬೇಡದ ಲೆಕ್ಕ ಬರೆದಿಟ್ಟೆ:
ಅನ್ನ, ಒಂದು ಸೌಟು.
ನಡೆದದ್ದು, ಎರಡು ಸುತ್ತು.
ಹೊತ್ತದ್ದು,