ಯಾರ ಮನೆಯ ಸೇರು

ಫೆಬ್ರವರಿ, ಮಧ್ಯಾಹ್ನ ಮೂರು. ಸುಂಟಿಕೊಪ್ಪದ ಕ್ಯೂರಿಂಗ್ ವರ್ಕ್ಸ್.
ತೂಕದ ಮನೆಯಿಂದ ದೇರಣ್ಣನವರ ಫೋನು:
"ಮೇಡಂ, ಒಮ್ಮೆ ಬನ್ನಿ. ಈ ಮಿಷನ್ನು
ನಾವೇ ಕೊಡಬೇಕು ಅಂತಿದೆ."

ಪರದೆಯ ಮೇಲೆ ಒಂದು ಪುಟ್ಟ ಅಡ್ಡಗೆರೆ, ಅದರ ಬೆನ್ನಿಗೆ
ಎರಡು ಸಾವಿರದ ನೂರ ನಲವತ್ತೇಳು ಟನ್ನು.
ಈ ಸೀಸನ್ನಿನಲ್ಲಿ ಬಂದದ್ದೆಲ್ಲ
ಮೂಟೆ ಮೂಟೆಯಾಗಿ ಬಂದದ್ದು
ಒಂದೇ ಗಳಿಗೆಗೆ ಎದ್ದುಹೋದ ಹಾಗೆ.
ಹೊರಗೆ ಕಣದಲ್ಲಿ ಕಾಫಿ ಮಾತ್ರ
ತನ್ನ ಪಾಡಿಗೆ ಒಣಗುತ್ತಿತ್ತು.

ಒಳಕೋಣೆಯ ಲಿನಕ್ಸ್‌ನಲ್ಲಿ ಲೆಕ್ಕ ಸರಿ,
ತೂಕದ ಮನೆಯ ವಿಂಡೋಸ್‌ನಲ್ಲಿ ತಪ್ಪು.
ಅದೇ ಪೈಥಾನ್, ಅದೇ ಸಿ,
ಬರೆದ ಕೈಯೂ ನನ್ನದೇ.

ಪೈಥಾನಿಗೆ ಪಾತ್ರೆಯ ಚಿಂತೆಯಿಲ್ಲ;
ಅದರ ಅಂಕಿ ಬೇಲಿ ಹತ್ತಿದ ಕುಂಬಳದ ಬಳ್ಳಿ.
ಸಿ ಹಾಗಲ್ಲ, ಅದು ಸೇರು.
ಎರಡರ ನಡುವೆ ಕೂತು ನಾನು "ಲಾಂಗ್" ಎಂದು ಬರೆದೆ.
ಒಳಕೋಣೆಯಲ್ಲಿ ಲಾಂಗ್ ಎಂದರೆ ಎಂಟು ಬೈಟು,
ಇಲ್ಲಿ ನಾಲ್ಕು.
ಕೇಳಿದ್ದರೆ ಹೇಳುತ್ತಿದ್ದವು.

ದೇಚವ್ವ ದೊಡ್ಡಮ್ಮನ ಮಗಳ ಮದುವೆಯಲ್ಲೂ ಹೀಗೇ ಆಗಿತ್ತು.
ಕಡಂಬುಟ್ಟಿಗೆ ಅಕ್ಕಿತರಿ ನಲವತ್ತು ಸೇರು ಅಂತ ಮಾತು,
ನೆಂಟರ ಮನೆಯಿಂದ ನಲವತ್ತು ಸೇರೇ ಬಂತು.
ಕೊನೆಯ ಪಂಕ್ತಿಗೆ ಸಾರು ಬಡಿಸಿ
ಬುಟ್ಟಿ ಬಗ್ಗಿಸಿದರೆ ಒಳಗೆ ಬರೀ ಬಾಳೆಲೆ.
ಯಾರೂ ಮೋಸ ಮಾಡಿರಲಿಲ್ಲ.
ಯಾರ ಮನೆಯ ಸೇರು ಅಂತ
ಯಾರೂ ಕೇಳಿರಲಿಲ್ಲ, ಅಷ್ಟೇ.

ಗ್ರಾಮಿನಲ್ಲೇ ಲೆಕ್ಕ ಇರಲಿ ಅಂದವಳೂ ನಾನೇ.
ಇನ್ನೂರ ಹದಿನಾಲ್ಕು ಕೋಟಿ
ಎಪ್ಪತ್ತನಾಲ್ಕು ಲಕ್ಷ
ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು:
ನಾಲ್ಕು ಬೈಟಿನ ಸೇರಿಗೆ ಇಷ್ಟೇ ಕಂಠ.
ಇನ್ನೊಂದು ಗ್ರಾಮು, ಅಂದರೆ ಒಣಗಿದ ಎರಡು ಕಾಯಿ, ಬಿದ್ದರೆ
ಚೆಲ್ಲುವುದಿಲ್ಲ ಅದು,
ಸದ್ದಿಲ್ಲದೆ ಮಗುಚಿಕೊಳ್ಳುತ್ತದೆ.

ಕತ್ತಲಾಗುವ ಮೊದಲು ಲಾಂಗ್ ಅಳಿಸಿದೆ.
ಇಂಟ್ ಅರವತ್ತನಾಲ್ಕು ಎಂದು
ಎರಡೂ ಕಡೆ, ಬಾಯಿಬಿಟ್ಟು, ಬರೆದೆ.
"ಇದು ಯಾವಾಗ ತುಂಬುತ್ತೆ?" ಅಂದರು ದೇರಣ್ಣ.
ಪುಷ್ಪಗಿರಿಯನ್ನೇ ಟ್ರ್ಯಾಕ್ಟರಿನಲ್ಲಿ ಹೊತ್ತು ತಂದರೂ ತುಂಬದು ಅಂದೆ.
ಅವರು ನಗಲಿಲ್ಲ.
"ಮೊದಲನೆಯದಕ್ಕೂ ಹೀಗೇ ಹೇಳಿದ್ದಿರಿ."

ಆಮೇಲೆ ಗೋಡೆಯ ಮೇಲೆ, ಲಾರಿ ನಂಬರುಗಳ ಕೆಳಗೆ,
ಸೀಮೆಸುಣ್ಣದಲ್ಲಿ ತಾವೇ ಬರೆದರು:
ಇಲ್ಲಿಯ ಸೇರು ಎಂಟು ಭಟ್ಟಿ.
ಬೈಟು ಹೋಗಿ ಭಟ್ಟಿಯಾಗಿತ್ತು, ಗದ್ದೆಯ ಲೆಕ್ಕದ ಭಟ್ಟಿ.
ಗೇಟಿನಲ್ಲಿ ಮುಂದಿನ ಟ್ರ್ಯಾಕ್ಟರು ಹಾರನ್ ಒತ್ತುತ್ತಿತ್ತು.
ಇರಲಿ ಬಿಡಿ ಅನ್ನಬಹುದಿತ್ತು.
ಸೀಮೆಸುಣ್ಣ ಇಸಿದುಕೊಂಡು
ತಿದ್ದಿದೆ.