ವಾರಂಟಿ ಎಷ್ಟು ವರ್ಷ

ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ,
ಅದರೊಳಗೆ ಮಾಸಿದ ಟವೆಲು, ಟವೆಲಿನೊಳಗೆ ಡಿಸ್ಕು.
ಬೈತಕೋಲದ ಪುರ್ಸು ತಾಂಡೇಲರು
ಮುಳ್ಳು ಬಿಡಿಸುವ ಜಾಗ್ರತೆಯಲ್ಲಿ
ನನ್ನ ಕೌಂಟರಿನ ಮೇಲೆ ಬಿಚ್ಚಿಟ್ಟರು.
ವಯರು ಸಿಕ್ಕಿಸಿ ಕಿವಿಗೊಟ್ಟೆ.
ಟಿಕ್. ಟಿಕ್. ತುಸು ತಡೆದು, ಟಿಕ್.

"ಬಿತ್ತಾ?"
"ಬೋಟು ಅಲುಗಿತು, ಅದೂ ಅಲುಗಿತು. ಬೀಳಲಿಲ್ಲ."
ಎಲ್ಲರೂ ಹಾಗೇ ಅನ್ನುತ್ತಾರೆ.

"ಹೊಸದು ಕಿತ್ಲೆ?"
ಎರಡು ಡಬ್ಬಿ ಇಳಿಸಿದೆ, ಧೂಳು ಒರೆಸಿದೆ.
ತಿರುಗುವುದು ನಾಲ್ಕು ಸಾವಿರದ ಇನ್ನೂರು,
ತಿರುಗದ್ದು ಏಳೂವರೆ ಸಾವಿರ.
ಹಿಡಿಸುವುದು ಎರಡರಲ್ಲೂ ಅಷ್ಟೇ.

"ತಿರುಗದ್ದಕ್ಕೆ ಜಾಸ್ತಿಯೇ ಬಾಯಿ?
ನಮ್ಮಲ್ಲಿ ನಿಂತ ಬೋಟಿಗೆ ಯಾರೂ ದುಡ್ಡು ಕೊಡುವುದಿಲ್ಲ."

ಹೇಳಿದೆ, ದಿನಕ್ಕೆ ನಾಲ್ಕು ಸಲ ಹೇಳುವ ಹಾಗೇ:
ಇದರೊಳಗೊಂದು ತಟ್ಟೆ, ತಟ್ಟೆಗೆ ತಾಗದೆ ಓಡುವ ಮೊನೆ,
ನಡುವೆ ಕೂದಲೂ ತೂರದು.
ಒಂದು ದೊಡ್ಡ ತೆರೆ ಸಾಕು, ಗೀರಿಬಿಡುತ್ತದೆ.
ಆದರೂ ಸಾಯುವ ಮೊದಲು ಸಾಮಾನ್ಯವಾಗಿ ನರಳುತ್ತದೆ,
ನನ್ನಂಥವಳ ಹತ್ತಿರ ತರಲು ಸಮಯ ಕೊಡುತ್ತದೆ.
ಅದರಲ್ಲಿ ಅಲುಗುವುದೇ ಇಲ್ಲ, ಎಂಜಿನ್ನಿನ ಪಕ್ಕ ಕಟ್ಟಿಡಿ.
ಹೋಗುವ ದಿನ ಮಾತ್ರ ಸದ್ದಿಲ್ಲ.
ರಾತ್ರಿ ಇತ್ತು, ಬೆಳಗ್ಗೆ ಕಂಪ್ಯೂಟರಿಗೆ ಅದರ ಪರಿಚಯವೇ ಇಲ್ಲ.
ವರ್ಷಗಟ್ಟಲೆ ಕರೆಂಟು ಕಾಣದೆ ಪೆಟ್ಟಿಗೆಯಲ್ಲಿದ್ದರೆ
ಒಳಗಿನದು ತಾನಾಗಿ ಸೋರಲೂಬಹುದು.

"ಉಪ್ಪುಗಾಳಿಗೆ?"
ನನ್ನ ಶಟರಿನ ಕಡೆ ತೋರಿಸಿದೆ.
ಹೋದ ವರ್ಷ ಬಣ್ಣ ಬಳಿಸಿದ್ದು.

"ವಾರಂಟಿ?"
ಇದಕ್ಕೆ ಎರಡು, ಅದಕ್ಕೆ ಮೂರು.
ಡಬ್ಬಿಗೆ ಮಾತ್ರ. ಒಳಗಿಟ್ಟದ್ದಕ್ಕೆ ಯಾರೂ ಕೊಡುವುದಿಲ್ಲ.

ಮೂರು ರಾತ್ರಿ ಹಿಡಿಯಿತು ಹಳೆಯದರಿಂದ ಎಳೆಯಲು.
ಬಂದದ್ದು ಒಂದೇ ಫೈಲು. ಮೂರು ಎಂಬಿಯೂ ಇಲ್ಲ.
ಇಷ್ಟಕ್ಕೆ ಒಂದು ಟಿಬಿ ಮಾರಲು ಹೊರಟಿದ್ದೆನಲ್ಲ!
ಇಪ್ಪತ್ತೆರಡು ವರ್ಷದ ಗುರುತುಗಳು,
ಅಂಕಿ, ಅಂಕಿಯ ಪಕ್ಕ ಒಂದೊಂದು ಮಾತು:
ಇಸ್ವಣ, ನವೆಂಬರ್.
ಪಾರೆ, ಬಲೆ ಹೋಯಿತು.
ಸಿಗಡಿ, ಮಳೆ ನಿಂತ ವಾರ.
ದತ್ತಾನಿಗೆ ಗೊತ್ತಿಲ್ಲ.
ಒಂದರ ಪಕ್ಕದಲ್ಲಿ ಬರೀ: ಇಲ್ಲಿ ಬೇಡ.

ತಿರುಗುವುದನ್ನೇ ಕೊಂಡರು. "ಸಾಯುವಾಗ ಕೂಗಲಿ."
ನೂರರ ನೋಟು ಒಂದೊಂದೇ ಎಣಿಸಿಟ್ಟು
ಹೋಗದೆ ನಿಂತರು.

"ಇದರ ಭರವಸೆ ಹೇಳಿದಿರಿ, ಅದರದ್ದೂ ಹೇಳಿದಿರಿ.
ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಉಳಿದಿದೆ?"

ಶೆಲ್ಫಿನಲ್ಲಿ ದತ್ತಾನ ಲ್ಯಾಪ್‌ಟಾಪು ಇತ್ತು.
ಇಬ್ಬರೂ ಅತ್ತ ನೋಡಲಿಲ್ಲ.

ಪರದೆ ಅವರ ಕಡೆ ತಿರುಗಿಸಿ ಅಳಿಸಿದೆ.
"ಅಳಿಸಿದ್ದನ್ನು ತೆಗೆದುಕೊಡುವುದೇ
ನಿಮ್ಮ ಕೆಲಸ ಅಲ್ಲವೇ ಬಾಯಿ?"

ಅದೂ ಸರಿಯೇ.
ಎರಡು ಚಾ ಹೇಳಿದೆ.
ಅದೇ ಜಾಗದ ಮೇಲೆ ಸೊನ್ನೆ ಬರೆಸಿದೆ,
ಸೊನ್ನೆಯ ಮೇಲೆ ಮತ್ತೆ ಸೊನ್ನೆ,
ಚಾ ಆರಿ ಕೆನೆಗಟ್ಟುವವರೆಗೆ.
ಪಟ್ಟಿ ತುಂಬುವುದನ್ನು ಅವರು
ತಕ್ಕಡಿಯ ಮುಳ್ಳು ನೋಡುವಂತೆ ನೋಡಿದರು.
ನೂರು ಎಂದು ಬಂದಾಗ ಚಾ ಒಂದೇ ಗುಟುಕಿಗೆ ಕುಡಿದು
ಚೀಲದೊಳಗೆ ಚೀಲ ಸೇರಿಸಿ ಹೊರಟರು.

ಮುಂದಿನ ಶುಕ್ರವಾರ ಹುಡುಗನೊಬ್ಬ
ಕಾಗದ ಸುತ್ತಿದ ಅರ್ಧ ಇಸ್ವಣ ಇಟ್ಟುಹೋದ.
ಚೀಟಿ ಇರಲಿಲ್ಲ.
ಹುರಿಯುತ್ತಾ ಲೆಕ್ಕ ಹಾಕಿದೆ: ನವೆಂಬರ್.

ಮಶೀನಿನಲ್ಲಿ ಈಗ ಏನೂ ಇಲ್ಲ, ಆಣೆ.
ಆದರೆ ಮೂರು ರಾತ್ರಿ ಅಂಕಿ ನೋಡಿದ ಕಣ್ಣು ಇದು,
ಇದಕ್ಕೆ ಸೊನ್ನೆ ಬರೆಯುವ ಸಾಫ್ಟ್‌ವೇರು ನನ್ನಲ್ಲಿಲ್ಲ.
ಮೀನಿನ ಗುರುತುಗಳೆಲ್ಲ ಕಲಸಿಹೋದವು.
ಉಳಿದದ್ದು ಅದೊಂದು, ಇಲ್ಲಿ ಬೇಡ ಎಂದಿದ್ದದ್ದು:
ಹದಿನಾಲ್ಕು, ನಲವತ್ತೊಂಬತ್ತು

ಮುಂದಿನದನ್ನು ನಾನು ಹೇಳುವುದಿಲ್ಲ.